ಮೊದಲ ಹಾಡಿನ ಗಾಂಧಾರ

ನಮ್ಮ ಕಂಟ್ರಿ ಸಂಗೀತದ ತಂಡದ ಮೊದಲ ಹಾಡು ಹೊರಬಂದದ್ದು 2024ರ ಮಾರ್ಚ್ ತಿಂಗಳ ನಡುವಿನ ಒಂದು ಶುಕ್ರವಾರ. ಶುಕ್ರವಾರ ಎನ್ನುವುದು ಲೆಕ್ಕಕ್ಕೆ. ಹಾಡು ಹೊರಬರುವ ಹೊತ್ತಿಗೆ, ಅಂದರೆ ಅಮೆರಿಕದ ಪೂರ್ವ ತೀರದಲ್ಲಿ ನಡುರಾತ್ರಿಯಾದಾಗ, ನಾವಿರುವ ಮಧ್ಯ ಟೆನೆಸಿಯಲ್ಲಿ ಇನ್ನೂ ಗುರುವಾರ ರಾತ್ರಿ ಹನ್ನೊಂದು ಗಂಟೆ. ಗಾಯಕಿಯ ಮನೆಯ ಗ್ಯಾರೇಜಿನಲ್ಲಿ, ಒಂದೂವರೆ ವರ್ಷ ಅಭ್ಯಾಸ ಮಾಡಿದ ಅದೇ ಜಾಗದಲ್ಲಿ, ನಾವು ಆರು ಜನ ಮೊಬೈಲ್ ಹಿಡಿದು ನಿಂತಿದ್ದೆವು. ಹಾಡು ಕಾಣಿಸಿಕೊಂಡಾಗ ಯಾರೂ ಕೂಗಲಿಲ್ಲ. ಒಬ್ಬರ ಫೋನಿನಲ್ಲಿ ನನ್ನ ಪಿಟೀಲು ಶುರುವಾಯಿತು, ಅರೆಕ್ಷಣ ಬಿಟ್ಟು ಇನ್ನೊಬ್ಬರದರಲ್ಲಿ, ಆಮೇಲೆ ಮತ್ತೊಬ್ಬರದರಲ್ಲಿ. ಒಂದೇ ಸಾಲು ಆರು ಸಲ ಒಂದರ ಬೆನ್ನಿಗೊಂದು ಓಡಿತು. ಮೈಸೂರಿನಲ್ಲಿ ಆಗ ಬೆಳಗಿನ ಒಂಬತ್ತೂವರೆ. ಅಮ್ಮನಿಗೆ ಹಾಡನ್ನು ಕಳುಹಿಸಿದೆ, ಪಿಟೀಲು ಕಲಿಸಿದ ಮೇಷ್ಟರಿಗೂ ಕಳುಹಿಸಿದೆ.

ಪಿಟೀಲು ಎಂಬ ಮಾತು ನನಗೆ ಇಲ್ಲಿಗೆ ಬಂದ ಮೇಲೆ ಇನ್ನಷ್ಟು ಇಷ್ಟವಾಗಿದೆ. ಫಿಡಲ್ ಎಂಬುದೇ ನಮ್ಮವರ ಬಾಯಲ್ಲಿ ಪಿಟೀಲಾಯಿತು. ಅಮೆರಿಕದ ಹಳ್ಳಿಗಾಡಿನ ಈ ಕಂಟ್ರಿ ಸಂಗೀತದಲ್ಲಿ ಯಾರೂ ಅದನ್ನು ವಯೊಲಿನ್ ಎನ್ನುವುದಿಲ್ಲ, ಫಿಡಲ್ ಎಂದೇ ಕರೆಯುತ್ತಾರೆ. ಹಾಗಾಗಿ ತಂಡದವರ ಮುಂದೆ ನಾನು ನನ್ನ ಭಾಷೆಯ ಮಾತನ್ನೇ ಆಡುತ್ತಿದ್ದೇನೆ ಎನ್ನಿಸುತ್ತದೆ.

ಮೈಸೂರಿನ ಕುವೆಂಪುನಗರದಲ್ಲಿ ಎಂಟನೆಯ ವಯಸ್ಸಿನಿಂದ ಇಪ್ಪತ್ತರವರೆಗೆ ಕಲಿತೆ. ಚೌಡಯ್ಯನವರು ಏಳು ತಂತಿ ಕಟ್ಟಿ ನುಡಿಸಿದ ಊರು ಅದು. ಪಾಠಕ್ಕೆ ಬರುವ ಪ್ರತಿ ಮಗುವಿಗೂ ಮೇಷ್ಟರು ಆ ಕಥೆ ಹೇಳುತ್ತಿದ್ದರು. ಚಕ್ಕಳಮಕ್ಕಳ ಹಾಕಿ ಕುಳಿತು, ವಾದ್ಯದ ತುದಿಯನ್ನು ಬಲಗಾಲಿನ ಹಿಮ್ಮಡಿಯ ಬಳಿ ಊರಿಸಿ, ಸ ಪ ಸ ಪ ಎಂದು ಶ್ರುತಿ ಮಾಡಿಕೊಂಡು ನುಡಿಸುವುದು ನಮ್ಮ ರೀತಿ. 2015ರಲ್ಲಿ ಕೆಲಸದ ಮೇಲೆ ನ್ಯಾಶ್‌ವಿಲ್ ಪಕ್ಕದ ಮರ್ಫ್ರೀಸ್‌ಬರೊಗೆ ಬಂದೆ. ಆಸ್ಪತ್ರೆಗಳ ಲೆಕ್ಕಪತ್ರದ ಸಾಫ್ಟ್‌ವೇರ್ ನನ್ನ ಉದ್ಯೋಗ. ನಿಂತು ನುಡಿಸುವುದನ್ನು ಕಲಿಯಲು ಎರಡು ವರ್ಷ ಹಿಡಿಯಿತು. ಕೆನ್ನೆಯ ಕೆಳಗೆ ವಾದ್ಯ ಬಿಗಿಯಾಗಿ ನಿಂತುಬಿಟ್ಟರೆ ಎಡಗೈ ಜಾರಲು ಒಪ್ಪುವುದಿಲ್ಲ, ಜಾರದಿದ್ದರೆ ಸ್ವರವನ್ನು ತೂಗಿಸುವ ಗಮಕವಿಲ್ಲ. ಗಾಯಕಿ ಒಂದು ಸಂಜೆ ಸ್ನೇಹಿತರ ಮನೆಯಲ್ಲಿ ನಾನು ನುಡಿಸಿದ ಮೋಹನ ರಾಗವನ್ನು ಕೇಳಿ, ಇದು ಯಾವ ಬೆಟ್ಟದ ಕಡೆಯ ಧಾಟಿ ಎಂದು ಕೇಳಿದರು. ಅಪಲಾಚಿಯನ್ ಬೆಟ್ಟಗಳ ಯಾವುದೋ ಕಣಿವೆಯ ಹಳೆಯ ಧಾಟಿ ಎಂದು ಅವರು ಭಾವಿಸಿದ್ದರು. ಹಾಗೆ ಭಾವಿಸಿದ್ದು ಸಹಜ. ಸ ರಿ ಗ ಪ ದ ಎಂಬ ಐದು ಸ್ವರಗಳ ಮೇಲೆ ಇಲ್ಲಿನ ನೂರಾರು ಫಿಡಲ್ ಧಾಟಿಗಳು ನಿಂತಿವೆ. ಅದೇ ತಿಂಗಳು ನಾನು ತಂಡ ಸೇರಿದೆ.

ಈ ಸಂಗೀತದ ಧ್ವನಿಮುದ್ರಣದ ಇತಿಹಾಸವೇ ಪಿಟೀಲಿನಿಂದ ಶುರುವಾಗುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. 1923ರ ಜೂನ್‌ನಲ್ಲಿ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಪಿಟೀಲುವಾದಕರ ಹಾಡನ್ನು ಧ್ವನಿಮುದ್ರಣ ಕಂಪನಿಯ ರಾಲ್ಫ್ ಪೀರ್ ಮುದ್ರಿಸಿಕೊಂಡರು. ಪೀರ್ ಅವರಿಗೆ ಆ ಹಾಡುಗಾರಿಕೆ ಹಿಡಿಸಲೇ ಇಲ್ಲ. ಹಾಗಾಗಿ ಅಟ್ಲಾಂಟಾದ ವ್ಯಾಪಾರಿಯೊಬ್ಬರ ಒತ್ತಾಯಕ್ಕೆ 500 ಗ್ರಾಮಫೋನ್ ತಟ್ಟೆಗಳನ್ನು ಮಾತ್ರ ಒತ್ತಿಸಿದರು. ಅವು ಬಂದಷ್ಟೇ ಬೇಗ ಖರ್ಚಾದವು, ಕಂಪನಿ ಮತ್ತೆ ಒತ್ತಿಸಬೇಕಾಯಿತು. ಎರಡು ವರ್ಷದ ನಂತರ, 1925ರ ನವೆಂಬರ್ 28ರಂದು, ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ರೇಡಿಯೋ ಕೇಂದ್ರದಲ್ಲಿ 77 ವರ್ಷದ ಅಂಕಲ್ ಜಿಮ್ಮಿ ಥಾಂಪ್ಸನ್ ಪಿಟೀಲು ನುಡಿಸಿದರು. ಮುಂದೆ ಗ್ರ್ಯಾಂಡ್ ಓಲ್ ಆಪ್ರಿ ಎಂದು ಹೆಸರಾದ ಕಾರ್ಯಕ್ರಮ ಬೆಳೆದದ್ದು ಅಲ್ಲಿಂದ. ಹಳೆಯ ಕಾಲದ ಈ ಮಾತುಗಳನ್ನು ನಾನು ತಂಡದವರಿಗೆ ಹೇಳುತ್ತಿದ್ದೆ. ಗಾಯಕಿ ಮಾತ್ರ ಪ್ರತಿ ವಾರ ಡೈಮಂಡ್ ರಿಯೊ ತಂಡದ ಕಥೆಯನ್ನೇ ಹೇಳುತ್ತಿದ್ದರು. ಆಪ್ರಿಲ್ಯಾಂಡ್ ಮನೋರಂಜನಾ ಉದ್ಯಾನದಲ್ಲಿ ಬೇರೆ ಹೆಸರಿನಿಂದ ನುಡಿಸುತ್ತಿದ್ದ ಹುಡುಗರು, ಹತ್ತಿರ ಹತ್ತಿರ ಹತ್ತು ವರ್ಷದ ದುಡಿಮೆಯ ನಂತರ 1991ರಲ್ಲಿ ಮೊದಲ ಹಾಡು ತಂದರು. ಅದು ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಚೊಚ್ಚಲ ಹಾಡಿನಲ್ಲೇ ಆ ಎತ್ತರ ಮುಟ್ಟಿದ ಮೊದಲ ಕಂಟ್ರಿ ತಂಡ ಅದು. ಇನ್ನೊಂದು ವಿಷಯವನ್ನು ಅವರು ಒತ್ತಿ ಹೇಳುತ್ತಿದ್ದರು. ನ್ಯಾಶ್‌ವಿಲ್‌ನಲ್ಲಿ ತಂಡದ ಹೆಸರಿನಲ್ಲಿ ಹಾಡು ಬಂದರೂ ಒಳಗೆ ನುಡಿಸುವವರು ಬಹಳ ಸಲ ಸ್ಟುಡಿಯೋದ ಕಸುಬುದಾರರೇ. ಡೈಮಂಡ್ ರಿಯೊದವರು ತಮ್ಮ ವಾದ್ಯಗಳನ್ನು ತಾವೇ ನುಡಿಸಿದರು. ನಾವೂ ಹಾಗೆಯೇ ಮಾಡಬೇಕೆಂದು ತೀರ್ಮಾನವಾಯಿತು. ಹಣವೂ ಕಡಿಮೆಯಿತ್ತು, ಆದರೆ ತೀರ್ಮಾನ ಹಣದ್ದಲ್ಲ.

ಹನ್ನೊಂದು ಹಾಡುಗಳಲ್ಲಿ ಒಂದನ್ನು ಆರಿಸಲು ಆರು ವಾರ ಬೇಕಾಯಿತು. ಚುರುಕಾದ ಹಾಡು ಮೊದಲು ಹೋಗಲಿ ಎಂದು ಡ್ರಮ್ ನುಡಿಸುವವರು, ನಿಧಾನದ್ದು ಹೋಗಲಿ ಎಂದು ನಾನು. ಕೊನೆಗೆ ಆರಿಸಿದ್ದು ನಡುವಿನ ನಡೆಯ ಒಂದು ಹಾಡನ್ನು. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಮಗಳಿಗೆ ದೂರದಿಂದಲೇ ಅಪ್ಪನ ಕೊಟ್ಟಿಗೆಯ ದೀಪ ಕಾಣಿಸುತ್ತದೆ, ಅಷ್ಟೇ ಅದರ ಕಥೆ. ಗಾಯಕಿ ಮತ್ತು ಗಿಟಾರ್ ನುಡಿಸುವವರು ಸೇರಿ ಬರೆದದ್ದು. ಗಾಯಕಿಯ ತಾಯಿ ಇಪ್ಪತ್ತು ವರ್ಷ ಆ ಕೆಲಸ ಮಾಡಿದವರು. ಹಾಡಿನ ಮುಂದೆ ಇಪ್ಪತ್ತೆರಡು ಸೆಕೆಂಡು ನನ್ನ ಪಿಟೀಲು ಒಂಟಿಯಾಗಿ ನಡೆಯುತ್ತದೆ. ಸಾಲು ಷಡ್ಜದಿಂದ (ಸ) ಎದ್ದು ಪಂಚಮ (ಪ) ಮುಟ್ಟಿ ಹಿಂದಿರುಗಿ ಗಾಂಧಾರದ (ಗ) ಮೇಲೆ ನಿಲ್ಲುತ್ತದೆ. ಆ ನಿಲುಗಡೆಯ ಮೇಲೆಯೇ ಗಾಯಕಿ ಮೊದಲ ಮಾತು ತೆಗೆಯುತ್ತಾರೆ.

ಜನವರಿಯಲ್ಲಿ ಧ್ವನಿಮುದ್ರಣ. ನ್ಯಾಶ್‌ವಿಲ್‌ನಲ್ಲಿ ಸ್ಟುಡಿಯೋದ ಹೊತ್ತನ್ನು ಮೂರು ಮೂರು ಗಂಟೆಯ ಪಾಳಿಗಳಾಗಿ ಭಾಗ ಮಾಡುತ್ತಾರೆ: ಹತ್ತು ಗಂಟೆಗೆ ಒಂದು, ಎರಡಕ್ಕೆ ಒಂದು, ಆರಕ್ಕೆ ಒಂದು. ನಮಗೆ ಸಿಕ್ಕಿದ್ದು ಎರಡು ಗಂಟೆಯದು. ಎಲ್ಲರ ಮುಂದೆಯೂ ಒಂದು ಪುಟದ ಚಾರ್ಟ್ ಇತ್ತು. ಅದರಲ್ಲಿ ಸ್ವರಲಿಪಿ ಇರಲಿಲ್ಲ, ಅಂಕಿಗಳು ಮಾತ್ರ ಇದ್ದವು. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಎಂಬ ಹಾಡುಗಾರರ ಗುಂಪಿನ ನೀಲ್ ಮ್ಯಾಥ್ಯೂಸ್ ಕಟ್ಟಿದ ಪದ್ಧತಿ ಅದು. ಆಧಾರ ಸ್ವರದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) 1, ಅಲ್ಲಿಂದ ನಾಲ್ಕನೆಯದು 4, ಐದನೆಯದು 5. ಅಂಕಿಯ ಸುತ್ತ ವಜ್ರದ ಗುರುತು ಬರೆದಿದ್ದರೆ ಒಂದೇ ಏಟು ಹಾಕಿ ಆ ನಾದವನ್ನು ಇಡೀ ಆವರ್ತ ತೇಲಿಬಿಡಬೇಕು. ಮೊದಲ ಸಲ ಇದನ್ನು ವಿವರಿಸಿದಾಗ ನನಗೆ ಯಾವ ಕಷ್ಟವೂ ಆಗಲಿಲ್ಲ. ಸ ಎಲ್ಲಿದ್ದರೂ ಸ, ಪ ಎಲ್ಲಿದ್ದರೂ ಪ. ಆ ದಿನ ಗಾಯಕಿಯ ಗಂಟಲು ಸ್ವಲ್ಪ ಕಟ್ಟಿತ್ತು. ಹಾಡನ್ನು ಒಂದು ಮನೆ, ಅಂದರೆ ಒಂದು ಸ್ವರಸ್ಥಾನ, ಕೆಳಗಿಳಿಸಿದರು. ಯಾರೂ ಹೊಸದಾಗಿ ಏನನ್ನೂ ಬರೆದುಕೊಳ್ಳಲಿಲ್ಲ. ಕಛೇರಿಯಲ್ಲಿ ತಂಬೂರಿಯ ಶ್ರುತಿ ಇಳಿಸಿದಷ್ಟೇ ಸಲೀಸಾಗಿ ಎಲ್ಲರೂ ಇಳಿದರು.

ಡ್ರಮ್, ಬಾಸ್, ಗಿಟಾರ್ ಮತ್ತು ಹಾಡುಗಾರಿಕೆಯ ಕಚ್ಚಾ ರೂಪ ಒಟ್ಟಿಗೆ ಮುದ್ರಣವಾದವು. ಮೂರನೆಯ ಸಲಕ್ಕೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು, ಅದೇ ಉಳಿಯಿತು. ಆಮೇಲೆ ಅಡ್ಡಲಾಗಿಟ್ಟು ನುಡಿಸುವ ಪೆಡಲ್ ಸ್ಟೀಲ್ ಗಿಟಾರ್, ಕೊನೆಗೆ ಗಾಜಿನ ಕೋಣೆಯಲ್ಲಿ ನಾನು ಒಬ್ಬನೇ. ಕಿವಿಗೆ ಹೆಡ್‌ಫೋನ್, ಅದರಲ್ಲಿ ತಾಳ ಹಿಡಿಯುವ ಕ್ಲಿಕ್ ಸದ್ದು. ಆರು ಸಲ ನುಡಿಸಿದೆ. ನಾಲ್ಕನೆಯದರಲ್ಲಿ ಗಾಂಧಾರ ನನಗೆ ಬೇಕಾದ ಹಾಗೆ ನಿಂತಿತು. ಬಿಲ್ಲು ನಿಂತ ಮೇಲೂ ಕೆಲವು ಕ್ಷಣ ನಾನು ಕೈ ಇಳಿಸಲಿಲ್ಲ.

ಎರಡು ದಿನ ಬಿಟ್ಟು ಧ್ವನಿ ತಿದ್ದುವ ಕೆಲಸಕ್ಕೆ ಹೋಗಿ ಕುಳಿತೆ. ಪರದೆಯ ಮೇಲೆ ನನ್ನ ಸಾಲು ಮಣಿಗಳ ಸರದಂತೆ ಹರಡಿತ್ತು. ಪ್ರತಿ ಸ್ವರಕ್ಕೂ ಒಂದು ಅಡ್ಡಗೆರೆ, ಗೆರೆಯ ಮೇಲೆ ಮಣಿ ಕುಳಿತರೆ ಸರಿ. ಷಡ್ಜ ಕುಳಿತಿತ್ತು, ಪಂಚಮವೂ ಕುಳಿತಿತ್ತು. ಗಾಂಧಾರ ಮಾತ್ರ ಗೆರೆಯ ಕೆಳಗೆ ತೂಗುತ್ತಿತ್ತು. ಇದು ತಗ್ಗಿದೆ ಎಂದು ಎಂಜಿನಿಯರ್ ಹೇಳಿ, ಮೌಸಿನಿಂದ ಹಿಡಿದು ಮೇಲಕ್ಕೆಳೆದು ಗೆರೆಯ ಮೇಲೆ ಕೂರಿಸಿದರು. ಕೆಲಸ ಮುಗಿಯಲು ಎರಡು ಸೆಕೆಂಡೂ ಬೇಕಾಗಲಿಲ್ಲ. ಕೇಳಿದೆ. ಹೊಳಪಾಗಿತ್ತು. ಗಿಟಾರಿನ ಜೊತೆ ಚೆನ್ನಾಗಿ ಹೊಂದುತ್ತಿತ್ತು. ಸರಿ ಎಂದೆ.

ಆ ಗೆರೆ ಪಿಯಾನೋದ ಗೆರೆ. ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದಾಗ ಗಾಂಧಾರಕ್ಕೆ ಬರುವ ಜಾಗ ಅದು. ತಂಬೂರಿಯ ಷಡ್ಜದ ತಂತಿ ಮೀಟಿ ಸುಮ್ಮನೆ ಕುಳಿತರೆ ಅದರೊಳಗೇ ಈ ಗಾಂಧಾರ (ನಮ್ಮವರ ಮಾತಿನಲ್ಲಿ ಅಂತರ ಗಾಂಧಾರ) ತಾನಾಗಿ ಕೇಳಿಸುತ್ತದೆ. ಅದು ಪಿಯಾನೋದ ಗೆರೆಗಿಂತ ಕೆಳಗಿದೆ. ಎರಡು ಅಕ್ಕಪಕ್ಕದ ಮನೆಗಳ ನಡುವಿನ ದೂರವನ್ನು ಏಳು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಕೆಳಗೆ. ಚಿಕ್ಕಂದಿನಲ್ಲಿ ಮೇಷ್ಟರು ನನ್ನ ಬೆರಳನ್ನು ಹಿಡಿದು ಕೂರಿಸಿದ್ದು ಅಲ್ಲಿ. ಸ್ಟುಡಿಯೋದ ಕುರ್ಚಿಯಲ್ಲಿ ಕುಳಿತಾಗ ಇದೆಲ್ಲ ನನಗೆ ಗೊತ್ತಿತ್ತು. ಮೊದಲ ಹಾಡು, ಗಂಟೆಗಿಷ್ಟು ಎಂದು ಓಡುವ ಬಾಡಿಗೆ, ಪಕ್ಕದಲ್ಲಿ ತಂಡದವರು ಕಾಯುತ್ತಿದ್ದಾರೆ. ಬಾಯಿ ಬಿಡಲಿಲ್ಲ.

ಮುಂದಿನ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಮಿಕ್ಸ್, ಮಾಸ್ಟರಿಂಗ್, ಹಾಡಿಗೆ ಹನ್ನೆರಡು ಅಕ್ಷರ ಮತ್ತು ಅಂಕಿಗಳ ಐಎಸ್‌ಆರ್‌ಸಿ ಎಂಬ ಗುರುತಿನ ಸಂಖ್ಯೆ, ಬರೆದವರ ಪಾಲು ಎಷ್ಟೆಷ್ಟು ಎಂಬ ಒಪ್ಪಂದ, ನಾಲ್ಕು ವಾರ ಮುಂಚೆ ವಿತರಕರಿಗೆ ಹಾಡು ಒಪ್ಪಿಸುವುದು. ಇವುಗಳಲ್ಲಿ ಒಪ್ಪಂದದ ಕಾಗದವನ್ನು ಮಾತ್ರ ಯಾರೂ ಮುಂದಕ್ಕೆ ತಳ್ಳಬಾರದು. ಅಮೆರಿಕದಲ್ಲಿ ರೇಡಿಯೋ ಕೇಂದ್ರ ಹಾಡು ಹಾಕಿದರೆ ಬರೆದವರಿಗೆ ಮತ್ತು ಪ್ರಕಾಶಕರಿಗೆ ಹಣ ಬರುತ್ತದೆ. ಹಾಡಿದವರಿಗೆ, ನುಡಿಸಿದವರಿಗೆ ಒಂದು ಸೆಂಟೂ ಬರುವುದಿಲ್ಲ. ನಮ್ಮಲ್ಲಿ ಬರೆದವರಿಬ್ಬರು, ಹಾಡಿ ನುಡಿಸಿದವರು ಆರು ಜನ. ಗಾಯಕಿ ತಾವಾಗಿ ಈ ಮಾತನ್ನೆತ್ತಿ, ಬಂದದ್ದನ್ನು ಆರು ಪಾಲು ಮಾಡೋಣ ಎಂದು ಬರೆದು ಸಹಿ ಹಾಕಿದರು. ಅವರ ಆ ಸಹಿಯನ್ನು ನಾನು ಮರೆಯುವುದಿಲ್ಲ.

ರೇಡಿಯೋಗೆ ಬೇರೆಯೇ ಒಂದು ಪ್ರತಿ ಬೇಕಾಯಿತು. ಹಾಡುವ ದನಿ ಬರುವ ಮೊದಲು ಇಪ್ಪತ್ತೆರಡು ಸೆಕೆಂಡು ಪಿಟೀಲು ಇದ್ದರೆ ಕೇಳುಗ ಬೇರೆ ಕೇಂದ್ರಕ್ಕೆ ಹೋಗುತ್ತಾನೆ ಎಂದು ನಾವು ಕೇಳಿದ ಎಲ್ಲರೂ ಹೇಳಿದರು. ಹಾಗಾಗಿ ಎಂಟು ಸೆಕೆಂಡಿಗೆ ಕತ್ತರಿಸಿದೆವು. ಪಂಚಮಕ್ಕೆ ಏರುವ ಭಾಗವೆಲ್ಲ ಹೋಗಿ, ಹಿಂದಿರುಗಿ ಗಾಂಧಾರದ ಮೇಲೆ ನಿಲ್ಲುವುದಷ್ಟೇ ಉಳಿಯಿತು. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏರದೆ ಇಳಿಯುವುದು ಹೇಗೆ?

ಹಾಡನ್ನು ಜನ ಹೇಗೆ ಬರಮಾಡಿಕೊಂಡರು ಎಂಬುದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ದೊಡ್ಡ ನಗರಗಳ ಕೇಂದ್ರಗಳಿಂದ ಉತ್ತರವೇ ಬರಲಿಲ್ಲ. ಜನಪ್ರಿಯ ಹಾಡುಗಳ ಪಟ್ಟಿಗೆ ಲೆಕ್ಕ ಒಪ್ಪಿಸುವ ಕೇಂದ್ರಗಳಲ್ಲಿ ವಾರಕ್ಕೆ ಹೊಸ ಹಾಡುಗಳಿಗೆ ಸಿಗುವ ಜಾಗ ಒಂದೋ ಎರಡೋ. ಆ ಜಾಗಕ್ಕೆ ದೊಡ್ಡ ಕಂಪನಿಗಳು ತಮ್ಮ ಕಲಾವಿದರನ್ನು ಊರೂರಿಗೆ ಕರೆದೊಯ್ದು ಕಾರ್ಯಕ್ರಮ ನಿರ್ದೇಶಕರ ಕೋಣೆಯಲ್ಲೇ ಹಾಡಿಸುತ್ತವೆ. ನಾವು ರಜೆ ಹಾಕಿ ಗಾಯಕಿಯ ವ್ಯಾನಿನಲ್ಲಿ ಜಿಲ್ಲಾ ಪಟ್ಟಣಗಳ ಸಣ್ಣ ಕೇಂದ್ರಗಳನ್ನು ಸುತ್ತಿದೆವು. ಒಂದು ಕಡೆ ಕೇಂದ್ರವೆಂದರೆ ಎರಡು ಕೋಣೆ, ಹೊರಗೆ ಗೋಪುರ, ಗೋಪುರದ ಬುಡದಲ್ಲಿ ಹಸುಗಳು. ಬೆಳಗಿನ ಕಾರ್ಯಕ್ರಮ ನಡೆಸುವ ಹೆಂಗಸು ಮೈಕಿನ ಮುಂದೆಯೇ ನಮ್ಮಿಂದ ಹಾಡಿಸಿದರು. ನಂತರ ಸಿಡಿಯಲ್ಲಿದ್ದ ಎರಡು ಪ್ರತಿಗಳನ್ನೂ ಕೇಳಿ, ಎಂಟು ಸೆಕೆಂಡಿನದನ್ನು ಪಕ್ಕಕ್ಕಿಟ್ಟರು. ನಮ್ಮ ಕೇಳುಗರು ಹಾಲು ಕರೆಯುತ್ತಾ ಕೇಳುತ್ತಾರೆ, ಅವರಿಗೆ ಅವಸರವಿಲ್ಲ ಎಂದರು. ಅಂದಿನಿಂದ ಆ ಕೇಂದ್ರದಲ್ಲಿ ಪೂರ್ತಿ ಪಿಟೀಲಿನೊಂದಿಗೆ ಹಾಡು ಬರುತ್ತಿದೆ.

ಅಂತರ್ಜಾಲದಲ್ಲಿ ಮೊದಲ ವಾರ ಕೇಳಿದವರು ಬಹುಪಾಲು ನಮ್ಮ ಬಂಧುಬಳಗ. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ, ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ಗೌರವಧನವೇ ಇಲ್ಲ. ಸಾವಿರ ದಾಟಿದ ದಿನ ಬಾಸ್ ನುಡಿಸುವವರು ಕೇಕ್ ತಂದರು. ಸಾಲಾಗಿ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ವೃದ್ಧಾಶ್ರಮಗಳಲ್ಲಿ ರಾತ್ರಿ ಕೆಲಸ ಮಾಡುವವರದು. ಒಬ್ಬರು ಪಾಳಿ ಮುಗಿಸಿ ಕಾರಿನಲ್ಲಿ ಕುಳಿತು, ಎಂಜಿನ್ ಹಾಕದೆ ಹಾಡು ಮುಗಿಯುವವರೆಗೆ ಕೇಳಿದ್ದಾಗಿ ಬರೆದಿದ್ದರು. ಗಾಯಕಿ ಅದನ್ನು ತಮ್ಮ ತಾಯಿಗೆ ಓದಿ ಹೇಳಿದರು. ಆ ಹಾಡು ಯಾರಿಗಾಗಿ ಹುಟ್ಟಿತೋ ಅವರಿಗೆ ಮುಟ್ಟಿತು. ನನಗೆ ಅದು ಯಾವ ಪಟ್ಟಿಗಿಂತಲೂ ದೊಡ್ಡದು.

ಅಮ್ಮ ಫೋನ್ ಮಾಡಿ, ದನಿ ಬರುವ ಮೊದಲೇ ನೀನೆಂದು ಗೊತ್ತಾಯಿತು ಎಂದರು. ಮೇಷ್ಟರಿಂದ ಹತ್ತು ದಿನ ಮಾತಿಲ್ಲ. ಹನ್ನೊಂದನೆಯ ದಿನ ನಾನೇ ಕರೆ ಮಾಡಿದೆ. ಹಾಡು ಚೆನ್ನಾಗಿದೆ, ಆ ಹೆಣ್ಣುಮಗಳ ದನಿಯಲ್ಲಿ ಮರುಕವಿದೆ ಎಂದರು. ಸ್ವಲ್ಪ ತಡೆದು, “ಗಾಂಧಾರ ಮೇಲೆ ನಿಂತಿದೆಯಲ್ಲಪ್ಪಾ” ಎಂದರು. ಎಂಬತ್ತು ದಾಟಿದ ಕಿವಿ, ಮೊಬೈಲಿನ ಸಣ್ಣ ಸ್ಪೀಕರ್. ನಾನು ಪರದೆಯ ಗೆರೆಯ ಕಥೆ ಹೇಳಿದೆ. ಅವರು ಬೈಯಲಿಲ್ಲ. ನೀನು ನುಡಿಸಿದ್ದು ಎಲ್ಲಿದೆ, ಅದನ್ನು ಕಳುಹಿಸು ಎಂದಷ್ಟೇ ಕೇಳಿದರು.

ಆ ವಾರ ಪೆಡಲ್ ಸ್ಟೀಲ್ ನುಡಿಸುವವರಿಗೆ ಇದನ್ನು ಹೇಳಿದೆ. ಅವರು ನಕ್ಕು ತಮ್ಮ ವಾದ್ಯವನ್ನು ಶ್ರುತಿಯಂತ್ರಕ್ಕೆ ಜೋಡಿಸಿ ಒಂದೊಂದೇ ತಂತಿ ಮೀಟಿದರು. ಮೂರನೆಯ ಸ್ವರದ, ಅಂದರೆ ಗಾಂಧಾರದ, ತಂತಿಗಳೆಲ್ಲ ಮುಳ್ಳಿಗಿಂತ ಕೆಳಗೆ. ಸ್ಟೀಲ್ ನುಡಿಸುವವರು ಅವನ್ನು ತಗ್ಗಿಸಿಯೇ ಕಟ್ಟುತ್ತಾರಂತೆ, ಇಲ್ಲದಿದ್ದರೆ ಕಾರ್ಡ್ ಹುಳಿಯಾಗುತ್ತದೆ ಎಂಬುದು ಅವರ ಮಾತು. ನನ್ನ ಸ್ವರವನ್ನು ಮೇಲೆಳೆದಾಗ ಅವರಿಗೂ ಕೇಳಿಸಿತ್ತು. ನಾನು ಒಪ್ಪಿದ್ದರಿಂದ ಸುಮ್ಮನಿದ್ದರು. ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ಒಂದೇ ಸ್ವರಕ್ಕಾಗಿ ಬೇರೆ ಬೇರೆಯಾಗಿ ಮೌನವಾಗಿದ್ದೆವು. ತಿದ್ದುವ ಮೊದಲಿನ ಪ್ರತಿ ಸ್ಟುಡಿಯೋದಲ್ಲಿ ಹಾಗೆಯೇ ಇತ್ತು. ಆಲ್ಬಮ್ ಬರುವಾಗ ಅದನ್ನೇ ಹಾಕುವುದೆಂದು ಆರೂ ಜನ ಒಪ್ಪಿದೆವು.

ಜುಲೈ ಮೊದಲ ವಾರ ಸ್ಮಿತ್‌ವಿಲ್‌ಗೆ ಹೋದೆವು. 1972ರಿಂದ ಪ್ರತಿ ವರ್ಷ ಅಮೆರಿಕದ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಆ ಊರಿನ ನ್ಯಾಯಾಲಯದ ಸುತ್ತ ಪಿಟೀಲುವಾದಕರ ಜಾತ್ರೆ ನಡೆಯುತ್ತದೆ. ವೇದಿಕೆಯ ಮೇಲೆ ಸ್ಪರ್ಧೆ. ನಿಜವಾದ ಸಂಗೀತ ಮರಗಳ ನೆರಳಿನಲ್ಲಿ, ಮಡಿಚುವ ಕುರ್ಚಿಗಳ ಗುಂಪುಗಳಲ್ಲಿ. ಒಂದು ಗುಂಪಿನ ಬಳಿ ನನ್ನ ಕಾಲು ತಾನಾಗಿ ನಿಂತಿತು. ಹೊಲದ ಕೆಲಸದ ಕೈಗಳಿದ್ದ ಹಿರಿಯರೊಬ್ಬರು ತಂತಿ ತಿರುಗಿಸಿ ಶ್ರುತಿ ಬದಲಾಯಿಸುತ್ತಿದ್ದರು. ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಮುಟ್ಟಿದರು: ಸ, ಪ, ಸ, ಪ. ಅವರ ಭಾಷೆಯಲ್ಲಿ ಎ, ಇ, ಎ, ಇ. ಬೆಟ್ಟದ ಕಡೆಯ ಹಳೆಯ ಧಾಟಿಗಳಿಗೆ ಅದೇ ಶ್ರುತಿ ಎಂದು ಪಕ್ಕದವರು ಹೇಳಿದರು. ಕುವೆಂಪುನಗರದ ಆ ಕೋಣೆಯಲ್ಲಿ ಹನ್ನೆರಡು ವರ್ಷ ಪ್ರತಿ ಸಂಜೆ ಕೇಳಿದ ನಾಲ್ಕು ತಂತಿಗಳು ಒಂದು ಬೇಸಿಗೆಯ ಮಧ್ಯಾಹ್ನ ಟೆನೆಸಿಯ ಹುಲ್ಲಿನ ಮೇಲೆ ನುಡಿದವು.

ನಮ್ಮ ತಂಡ ಬೆಳಿಗ್ಗೆ ಮರದಡಿ ನುಡಿಸಿದ್ದನ್ನು ಆ ಹಿರಿಯರು ಕೇಳಿದ್ದರು. ಅದಕ್ಕೂ ಮೊದಲೇ, ಹಸುಗಳ ಮಧ್ಯೆ ಗೋಪುರವಿರುವ ಆ ಕೇಂದ್ರದಿಂದ ಹಾಡನ್ನು ಕೇಳಿದ್ದರಂತೆ. ರೇಡಿಯೋದಲ್ಲಿ ನಿನ್ನ ಮೂರನೆಯ ಸ್ವರ ಪಿಯಾನೋದಂತೆ ಇತ್ತು, ಬೆಳಿಗ್ಗೆ ಕೆಳಗಿತ್ತು, ಎರಡರಲ್ಲಿ ನಿನ್ನದು ಯಾವುದು ಎಂದು ಕೇಳಿದರು. ಬೆಳಗಿನದು ಎಂದೆ. ಹಾಗಾದರೆ ಕುಳಿತುಕೋ ಎಂದರು. ಕುರ್ಚಿ ಬೇಡವೆಂದು ಹುಲ್ಲಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ, ವಾದ್ಯದ ತುದಿಯನ್ನು ಪಾದಕ್ಕೆ ಊರಿಸಿ, ಅವರ ಶ್ರುತಿಗೆ ನನ್ನ ತಂತಿಗಳನ್ನು ಸೇರಿಸಿದೆ. ಯಾರೂ ಬೆರಗಾಗಿ ನೋಡಲಿಲ್ಲ. ಪಿಟೀಲನ್ನು ಎದೆಗೆ ಒತ್ತಿ ನುಡಿಸುವವರೂ ಅಲ್ಲಿದ್ದರು. ಹಿರಿಯರು ನನ್ನ ಸಾಲನ್ನು ಮೂರು ಸಲ ನುಡಿಸಲು ಹೇಳಿದರು. ಕಣ್ಣು ನನ್ನ ಎಡಗೈಯ ಮೇಲೆ. ಆಮೇಲೆ ತಾವು ತೆಗೆದುಕೊಂಡರು. ನಾನು ಜಾರುವ ಕಡೆ ಅವರು ಬಿಲ್ಲನ್ನು ತಿರುಗಿಸಿದರು, ನನಗಿಂತ ಚುರುಕಾಗಿ ಪಂಚಮಕ್ಕೆ ಹೋಗಿ ಬಂದರು. ಗಾಂಧಾರ ಮಾತ್ರ ಕೂದಲೆಳೆಯಷ್ಟೂ ಅತ್ತಿತ್ತ ಹೋಗದೆ ಮೇಷ್ಟರು ನನ್ನ ಬೆರಳನ್ನು ಕೂರಿಸಿದ ಜಾಗದಲ್ಲಿಯೇ ನಿಂತಿತು. ಅದರ ಹಿಂದೆಯೇ ನಾನೂ ನುಡಿಸಿದೆ. ಗಿಟಾರ್ ನುಡಿಸುವವರು ಅಷ್ಟನ್ನೂ ಮೊಬೈಲಿನಲ್ಲಿ ಹಿಡಿದುಕೊಂಡರು.

ಆ ರಾತ್ರಿ ಅದನ್ನು ಮೈಸೂರಿಗೆ ಕಳುಹಿಸಿದೆ, ಧ್ವನಿ ಮಾತ್ರ, ಚಿತ್ರವಿಲ್ಲದೆ. ಬೆಳಿಗ್ಗೆ ಎದ್ದಾಗ ಮೇಷ್ಟರ ಒಂದೇ ಸಾಲಿನ ಉತ್ತರ ಬಂದಿತ್ತು: “ಮೊದಲು ನುಡಿಸಿದವರು ಯಾರ ಶಿಷ್ಯರು, ಕೇಳಿ ಹೇಳು.”

ಹಿಂದಿರುಗಿ ಹೋಗಿ ಕೇಳಿದೆ. ತಮ್ಮ ಅಜ್ಜಿಯಿಂದ ಕಲಿತದ್ದು ಎಂದರು. ಹಾಗೆಂದೇ ಬರೆದು ಕಳುಹಿಸಿದೆ.